ಕಣ್ಕಟ್ಟಿನ ಮಂತ್ರವಾದಿ ಎಷ್ಟು ಬಲಶಾಲಿ? ಆಟಕ್ಕೆ ಮೊದಲೇ ಅಳೆಯುವ ಬಗೆ

“ಮಾಯೆಯ ಮಂತ್ರಗಳನ್ನೇ ನೆಚ್ಚಿಕೊಂಡ ಪಾತ್ರವೊಂದನ್ನು ಕಟ್ಟಿದ್ದೇನೆ. ಇದು ಬಲವಾಗಿದೆಯೇ?” ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಎಸೆದು ಪಾತ್ರಗಳನ್ನು ಆಡಿಸುವ ಮೇಜಿನಾಟ ಆಡುವವರು ನನ್ನನ್ನು ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಇದು. ಜೊತೆಗೆ ಪಾತ್ರದ ಹಾಳೆಯನ್ನೂ ಮುಂದಿಟ್ಟು ಒಂದೇ ಮಾತಿನಲ್ಲಿ ಹೇಳಿಬಿಡಿ ಎನ್ನುತ್ತಾರೆ. ಬೆಂಕಿ ಎರಚುವ ಮಂತ್ರವಾದಿಯಾಗಿದ್ದರೆ ಹೇಳಿಬಿಡಬಹುದಿತ್ತು: ದಾಳಗಳನ್ನು ಎಣಿಸಿ ಸರಾಸರಿ ತೆಗೆದರೆ ಮುಗಿಯಿತು. ಕಣ್ಕಟ್ಟಿನವನ ಹಾಳೆಯಲ್ಲಿ ಅಂಥ ಅಂಕಿಗಳು ಕಡಿಮೆ. ಹಾಗಾಗಿ ಕೆಲವರು ಅವನನ್ನು ಕೆಲಸಕ್ಕೆ ಬಾರದವನೆಂದು ತಳ್ಳಿಹಾಕುತ್ತಾರೆ, ಇನ್ನು ಕೆಲವರು ಅವನಿಗೆ ಎಣೆಯೇ ಇಲ್ಲ ಎನ್ನುತ್ತಾರೆ. ಇಬ್ಬರೂ ಅಳೆದು ನೋಡಿರುವುದಿಲ್ಲ.

ನಾನು ಬಳಸುವ ಅಳತೆಗೋಲು ಒಂದೇ: ಎದುರಾಳಿ ನಿಮ್ಮ ಮಾಯೆಯನ್ನು ನಂಬದೇ ಹೋದಾಗಲೂ ಅವನಿಗೆ ಏನು ನಷ್ಟವಾಯಿತು? ಅವನು ಪೂರ್ತಿ ನಂಬಿದರೆ ಏನಾಗುತ್ತದೆ ಎಂಬುದನ್ನು ಯಾರು ಬೇಕಾದರೂ ಕಲ್ಪಿಸಿಕೊಂಡು ಖುಷಿಪಡಬಹುದು. ನಂಬದಿದ್ದಾಗಲೂ ಕೈಯಲ್ಲಿ ಉಳಿಯುವುದು ಆ ಪಾತ್ರದ ನಿಜವಾದ ಬಂಡವಾಳ.

ಬೇಕಾಗುವುದು ಇಷ್ಟು: ಪಾತ್ರದ ಹಾಳೆ, ನಿಮ್ಮ ಪ್ರತಿಯೊಂದು ಮಂತ್ರದ ಪೂರ್ತಿ ಪಠ್ಯ, ಪೆನ್ಸಿಲ್, ಒಂದು ಖಾಲಿ ಹಾಳೆ, ಮತ್ತು ಡಿಎಂ ಜೊತೆ ಅರ್ಧ ಗಂಟೆಯ ಮಾತುಕತೆ. ಕೊನೆಯದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಮಾಡುವವರೇ ಹೆಚ್ಚು. ಆಮೇಲೆ ಆಟದ ನಡುವೆ ಜಗಳವಾಗುತ್ತದೆ.

ಹೊಸಬರಿಗಾಗಿ ಕೆಲವು ಪದಗಳು. ಬಿಲ್ಡ್ ಎಂದರೆ ವರ್ಗ, ಉಪವರ್ಗ, ಗುಣಾಂಕ, ಮಂತ್ರ ಎಲ್ಲವನ್ನೂ ಆಯ್ದು ಜೋಡಿಸಿದ ಪಾತ್ರದ ಒಟ್ಟು ಕಟ್ಟೋಣ. ಡಿಎಂ ಅಂದರೆ ಡಂಜನ್ ಮಾಸ್ಟರ್: ಆಟವನ್ನು ನಡೆಸುವವರು, ಎದುರಾಳಿಗಳನ್ನೆಲ್ಲ ಆಡಿಸುವವರು. ಸ್ಲಾಟ್ ಎಂದರೆ ಮಂತ್ರ ಹಾಕಲು ಖರ್ಚಾಗುವ ಶಕ್ತಿಯ ಪಾಲು. ಮಂತ್ರದ ಪರಿಣಾಮವನ್ನು ತಡೆದುಕೊಳ್ಳಲು ಎದುರಾಳಿ ಎಸೆಯುವ ದಾಳವೇ ಸೇವಿಂಗ್ ಥ್ರೋ. ಅವನು ಮುಟ್ಟಬೇಕಾದ ಅಂಕ ಡಿಸಿ. ಕಾನ್ಸನ್ಟ್ರೇಷನ್ ಎಂದರೆ ಏಕಾಗ್ರತೆ: ಕೆಲವು ಮಂತ್ರಗಳು ನೀವು ಮನಸ್ಸು ಹಿಡಿದಿರುವವರೆಗೆ ಮಾತ್ರ ನಿಲ್ಲುತ್ತವೆ, ಅಂಥವನ್ನು ಏಕಕಾಲಕ್ಕೆ ಒಂದನ್ನೇ ಹಿಡಿಯಬಹುದು. ಇನ್ವೆಸ್ಟಿಗೇಷನ್ ಎಂಬುದು ಬುದ್ಧಿಯನ್ನು ಆಧರಿಸಿದ ಪರಿಶೀಲನೆಯ ಕೌಶಲ. ಮಾಯೆಯ ಚಿತ್ರವನ್ನು ಬಯಲು ಮಾಡುವುದು ಹೆಚ್ಚಾಗಿ ಇದೇ.

ಹಂತ 1: ಯಾವ ಆವೃತ್ತಿ ಎಂದು ಮೊದಲು ಬರೆದುಕೊಳ್ಳಿ

ಕಣ್ಕಟ್ಟಿನವನ ಬಗ್ಗೆ ಸಿಗುವ ಸಲಹೆಗಳಲ್ಲಿ ಅರ್ಧದಷ್ಟು ಬೇರೆ ಆವೃತ್ತಿಯವು. 1978ರ ಅಡ್ವಾನ್ಸ್ಡ್ ನಿಯಮಗಳಲ್ಲಿ ಇಲ್ಯೂಷನಿಸ್ಟ್‌ಗೆ, ಅಂದರೆ ಕಣ್ಕಟ್ಟಿನವನಿಗೆ, ತನ್ನದೇ ಮಂತ್ರಗಳ ಪಟ್ಟಿಯಿತ್ತು. 2003ರ 3.5 ಆವೃತ್ತಿಯಲ್ಲಿ ನೆರಳಿನಿಂದ ಅರೆನಿಜವಾದ ವಸ್ತುಗಳನ್ನು ಸೃಷ್ಟಿಸುವ ಮಂತ್ರಗಳಿದ್ದವು: ಷ್ಯಾಡೋ ಕಾಂಜುರೇಷನ್ ಶೇಕಡಾ 20ರಷ್ಟು ನಿಜ, ಗ್ರೇಟರ್ ಷ್ಯಾಡೋ ಕಾಂಜುರೇಷನ್ ಶೇಕಡಾ 60, ಷೇಡ್ಸ್ ಶೇಕಡಾ 80. ಅಲ್ಲಿ ಮಾಯೆಯ ಬಲವನ್ನು ಶೇಕಡಾವಾರು ಲೆಕ್ಕದಲ್ಲೇ ಹೇಳಬಹುದಿತ್ತು. ಐದನೆಯ ಆವೃತ್ತಿಯಲ್ಲಿ ಆ ಲೆಕ್ಕವಿಲ್ಲ, ಆದ್ದರಿಂದ ಆ ಸಲಹೆಯೂ ಹೊಂದುವುದಿಲ್ಲ.

ಐದನೆಯ ಆವೃತ್ತಿಯೊಳಗೂ 2014 ಮತ್ತು 2024ರ ನಿಯಮಗಳು ಬೇರೆ ಬೇರೆ. ಫ್ಯಾಂಟಸ್ಮಲ್ ಫೋರ್ಸ್ ಮಂತ್ರ 2014ರಲ್ಲಿ ಪ್ರತಿ ಸುತ್ತಿನಲ್ಲಿ ಒಂದು ಆರುಮುಖದ ದಾಳದಷ್ಟು, ಅಂದರೆ ಸರಾಸರಿ 3.5 ಹಾನಿ ಮಾಡುತ್ತಿತ್ತು. 2024ರಲ್ಲಿ ಅದು ಎರಡು ಎಂಟುಮುಖದ ದಾಳ, ಸರಾಸರಿ 9. ಒಂದೇ ಹೆಸರಿನ ಮಂತ್ರ, ಎರಡೂವರೆ ಪಟ್ಟು ವ್ಯತ್ಯಾಸ. ಹಾಳೆಯ ತಲೆಯಲ್ಲಿ ಆವೃತ್ತಿಯ ವರ್ಷವನ್ನು ಬರೆಯದೆ ಮುಂದೆ ಹೋಗಬೇಡಿ.

ಹಂತ 2: ಮಂತ್ರಗಳನ್ನು ಮೂರು ರಾಶಿ ಮಾಡಿ

ಪಟ್ಟಿಯಲ್ಲಿರುವ ಮಾಯೆಯ ಮಂತ್ರಗಳೆಲ್ಲ ಒಂದೇ ಬಗೆಯವು ಎಂದುಕೊಳ್ಳುವುದೇ ಮೊದಲ ತಪ್ಪು. ಅವು ಕೆಲಸ ಮಾಡುವ ರೀತಿ ಮೂರು.

ಮೊದಲ ರಾಶಿ, ಚಿತ್ರಗಳು. ಮೈನರ್ ಇಲ್ಯೂಷನ್, ಸೈಲೆಂಟ್ ಇಮೇಜ್, ಮೇಜರ್ ಇಮೇಜ್ ಇಲ್ಲಿಗೆ ಸೇರುತ್ತವೆ. ಇವು ಎಲ್ಲರ ಕಣ್ಣ ಮುಂದೆ ಇಲ್ಲದ್ದನ್ನು ನಿಲ್ಲಿಸುತ್ತವೆ. ಇಲ್ಲಿ ಸೇವಿಂಗ್ ಥ್ರೋ ಇಲ್ಲ. ಎದುರಾಳಿ ತನ್ನ ಸರದಿಯ ಆ್ಯಕ್ಷನ್, ಅಂದರೆ ಆ ಸರದಿಯ ಮುಖ್ಯ ಕೆಲಸದ ಅವಕಾಶ, ಖರ್ಚು ಮಾಡಿ ಪರಿಶೀಲಿಸಬೇಕು, ಅಥವಾ ಮುಟ್ಟಿ ನೋಡಬೇಕು.

ಎರಡನೆಯ ರಾಶಿ, ಮನಸ್ಸನ್ನು ಹಿಡಿಯುವವು. ಫ್ಯಾಂಟಸ್ಮಲ್ ಫೋರ್ಸ್, ಹಿಪ್ನಾಟಿಕ್ ಪ್ಯಾಟರ್ನ್, ಫಿಯರ್ ಇಂಥವು. ಇವಕ್ಕೆ ಸೇವಿಂಗ್ ಥ್ರೋ ಇದೆ. ಸೋತರೆ ಏನಾಗುತ್ತದೆ ಎಂಬುದನ್ನು ನಿಯಮವೇ ಹೇಳುತ್ತದೆ.

ಮೂರನೆಯ ರಾಶಿ, ಮೈಯನ್ನು ಮರೆಮಾಚುವವು: ಡಿಸ್‌ಗೈಸ್ ಸೆಲ್ಫ್, ಮಿರರ್ ಇಮೇಜ್, ಇನ್ವಿಸಿಬಿಲಿಟಿ. ಇವು ನಿಮ್ಮ ಅಥವಾ ಜೊತೆಗಾರರ ಮೇಲೆ ಬೀಳುತ್ತವೆ.

ಈಗ ಪ್ರತಿ ಮಂತ್ರದ ಪಕ್ಕದಲ್ಲಿ “ನಿಯಮ” ಅಥವಾ “ಡಿಎಂ” ಎಂದು ಬರೆಯಿರಿ. ಪರಿಣಾಮ ಪಠ್ಯದಲ್ಲೇ ಬರೆದಿದ್ದರೆ “ನಿಯಮ”. ಎದುರಾಳಿ ಏನು ಮಾಡುತ್ತಾನೆ ಎಂಬುದನ್ನು ಡಿಎಂ ತೀರ್ಮಾನಿಸಬೇಕಾದರೆ “ಡಿಎಂ”. ಹಿಪ್ನಾಟಿಕ್ ಪ್ಯಾಟರ್ನ್‌ಗೆ ಬರುವುದು ಮೊದಲ ಗುರುತು, ಸೈಲೆಂಟ್ ಇಮೇಜ್‌ಗೆ ಎರಡನೆಯದು. ಹಾಳೆಯ ತುಂಬ “ಡಿಎಂ” ಗುರುತೇ ಬಿದ್ದರೆ ನಿಮ್ಮ ಬಿಲ್ಡ್‌ನ ಬಲ ನಿಮ್ಮ ಕೈಯಲ್ಲಿ ಇಲ್ಲ. ಮೊದಲ ಐದು ಮಟ್ಟಗಳಲ್ಲಿ ಕನಿಷ್ಠ ಎರಡು “ನಿಯಮ” ಮಂತ್ರಗಳಿಲ್ಲದ ಕಣ್ಕಟ್ಟಿನವನನ್ನು ನಾನು ಬಲವಾದ ಬಿಲ್ಡ್ ಎಂದು ಒಪ್ಪುವುದಿಲ್ಲ, ಆಡುವವರು ಎಷ್ಟೇ ಜಾಣರಾಗಿರಲಿ.

ಹಂತ 3: ಡಿಸಿ ಲೆಕ್ಕ ಹಾಕಿ

ಇದು ಬೇಗ ಮುಗಿಯುವ ಹಂತ. ಡಿಸಿ ಎಂದರೆ 8, ಅದಕ್ಕೆ ಪ್ರಾವೀಣ್ಯದ ಅಂಕ (ಮೊದಲ ಮಟ್ಟದಲ್ಲಿ 2, ಐದರಲ್ಲಿ 3), ಅದಕ್ಕೆ ಮಂತ್ರಕ್ಕೆ ಬಳಸುವ ಗುಣದಿಂದ ಸಿಗುವ ಹೆಚ್ಚುವರಿ ಅಂಕ (ಗುಣ 16 ಇದ್ದರೆ 3, 18 ಇದ್ದರೆ 4). ಬುದ್ಧಿ 16 ಇರುವ ಮೊದಲ ಮಟ್ಟದ ವಿಜರ್ಡ್‌ಗೆ (ಬುದ್ಧಿಯ ಬಲದಿಂದ ಮಂತ್ರ ಹಾಕುವ ವರ್ಗದವನಿಗೆ) 8+2+3, ಅಂದರೆ 13. ಬುದ್ಧಿ 18 ಇರುವ ಐದನೆಯ ಮಟ್ಟದವನಿಗೆ 15.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬುದ್ಧಿಯನ್ನು ಬದಿಗಿಟ್ಟು ಬೇರೆ ಗುಣಗಳಿಗೆ ಅಂಕ ಹಂಚಿದ ಬಿಲ್ಡ್‌ಗಳು ಕಣ್ಕಟ್ಟಿಗೆ ಹೊಂದುವುದಿಲ್ಲ. ಬೆಂಕಿಯ ಮಂತ್ರ ತಡೆದುಕೊಂಡವನಿಗೂ ಅರ್ಧ ಹಾನಿ ಮಾಡುತ್ತದೆ. ಮಾಯೆಯ ಮಂತ್ರಗಳಲ್ಲಿ ಬಹುಪಾಲು ಹಾಗಲ್ಲ: ತಡೆದುಕೊಂಡನೆಂದರೆ ಏನೂ ಆಗುವುದಿಲ್ಲ. ಆದ್ದರಿಂದ ಡಿಸಿಯ ಒಂದೊಂದು ಅಂಕವೂ ನಿಮಗೆ ಇತರರಿಗಿಂತ ಹೆಚ್ಚು ಮುಖ್ಯ.

ಹಂತ 4: ಸರದಿಗಳ ಲೆಕ್ಕ

ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ಕಣ್ಕಟ್ಟಿನವನ ಬಲವೆಲ್ಲ ಇಲ್ಲಿಯೇ ಅಡಗಿದೆ. ಇವನು ಶತ್ರುವಿನಿಂದ ಕಸಿಯುವುದು ಹೆಚ್ಚಾಗಿ ಸಮಯವನ್ನು. ಹಿಟ್ ಪಾಯಿಂಟ್‌ಗಳ, ಅಂದರೆ ಜೀವದ ಅಂಕಗಳ, ಬದಲು ಆ್ಯಕ್ಷನ್‌ಗಳನ್ನು ಎಣಿಸಿದರೆ ಅವನ ಕೆಲಸ ಕಣ್ಣಿಗೆ ಬೀಳುತ್ತದೆ.

ಮೊದಲ ಉದಾಹರಣೆ. ನೀವು ಮೊದಲ ಮಟ್ಟದಲ್ಲಿದ್ದೀರಿ, ಡಿಸಿ 13. ಅಂಗಳದ ಆ ತುದಿಯಲ್ಲಿ ಬಿಲ್ಲು ಹಿಡಿದ ನಾಲ್ವರು ಕಾವಲುಗಾರರು, ಬುದ್ಧಿ 10. ನೀವು ಸೈಲೆಂಟ್ ಇಮೇಜ್ ಹಾಕಿ ನಡುವೆ 15 ಅಡಿ ಅಗಲದ ಕಲ್ಲಿನ ಗೋಡೆಯನ್ನು ನಿಲ್ಲಿಸುತ್ತೀರಿ. ಖರ್ಚು ಒಂದು ಆ್ಯಕ್ಷನ್, ಮೊದಲ ಮಟ್ಟದ ಒಂದು ಸ್ಲಾಟ್. ಈಗ ಗೋಡೆಯ ಹಿಂದೆ ಏನಾಗುತ್ತಿದೆ ಎಂದು ಅವರಿಗೆ ಕಾಣುವುದಿಲ್ಲ. ಒಬ್ಬ ಸುತ್ತು ಹಾಕಿ ಬಂದರೆ ಅವನ ನಡಿಗೆ ಖರ್ಚಾಯಿತು. ನಾಲ್ವರೂ ಅನುಮಾನಪಟ್ಟು ಪರಿಶೀಲಿಸಿದರು ಎಂದೇ ಇಟ್ಟುಕೊಳ್ಳಿ. ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಹೆಚ್ಚು ಬೀಳಬೇಕು, ಅಂದರೆ ಒಬ್ಬೊಬ್ಬನ ಅವಕಾಶ ಶೇಕಡಾ 40. ಸರಾಸರಿ ಒಬ್ಬಿಬ್ಬರಿಗೆ ಗುಟ್ಟು ತಿಳಿಯುತ್ತದೆ. ಆದರೆ ನಾಲ್ವರ ಆ್ಯಕ್ಷನ್ನೂ ಹೋಯಿತು, ಆ ಸುತ್ತಿನಲ್ಲಿ ಒಂದು ಬಾಣವೂ ಬಿಡಲಿಲ್ಲ. ಮಾಯೆ ಬಯಲಾಗಿಯೂ ನೀವು ಒಂದು ಕೊಟ್ಟು ನಾಲ್ಕು ಪಡೆದಿರಿ.

ಎರಡನೆಯದು ಐದನೆಯ ಮಟ್ಟದ್ದು, ಡಿಸಿ 15. ಎದುರಿಗೆ ಒತ್ತಾಗಿ ನಿಂತ ನಾಲ್ಕು ಓಗರ್‌ಗಳು, ಅಂದರೆ ಮಂದಬುದ್ಧಿಯ ದೈತ್ಯರು. 2014ರ ನಿಯಮದಲ್ಲಿ ಒಂದೊಂದಕ್ಕೆ ಸರಾಸರಿ 59 ಹಿಟ್ ಪಾಯಿಂಟ್. ಮೂರನೆಯ ಮಟ್ಟದ ಒಂದು ಸ್ಲಾಟ್ ನಿಮ್ಮ ಕೈಯಲ್ಲಿದೆ. ಫೈರ್‌ಬಾಲ್ ಹಾಕಿದರೆ ಎಂಟು ಆರುಮುಖದ ದಾಳ, ಸರಾಸರಿ 28. ಓಗರ್ ನಾಲ್ಕರಲ್ಲಿ ಒಂದು ಸಲ ತಡೆದುಕೊಂಡು ಅರ್ಧ ಹಾನಿಯಲ್ಲಿ ಪಾರಾಗುತ್ತದೆ ಎಂದು ಸೇರಿಸಿಕೊಂಡರೆ ಒಂದೊಂದಕ್ಕೆ ಸುಮಾರು 24.5. ನಾಲ್ಕೂ ಗಾಯಗೊಳ್ಳುತ್ತವೆ, ನಾಲ್ಕೂ ನಿಂತೇ ಇರುತ್ತವೆ, ನಾಲ್ಕೂ ಮುಂದಿನ ಸರದಿಯಲ್ಲಿ ದೊಣ್ಣೆ ಬೀಸುತ್ತವೆ.

ಅದೇ ಸ್ಲಾಟಿನಲ್ಲಿ ಹಿಪ್ನಾಟಿಕ್ ಪ್ಯಾಟರ್ನ್ ಹಾಕಿ. ಓಗರ್‌ನ ವಿವೇಕ 7, ಅಂದರೆ ದಾಳದಿಂದ 2 ಕಳೆಯಬೇಕು. 15 ಮುಟ್ಟಲು 17 ಬೀಳಬೇಕು. ತಡೆದುಕೊಳ್ಳುವ ಅವಕಾಶ ಶೇಕಡಾ 20 ಮಾತ್ರ. ನಾಲ್ಕರಲ್ಲಿ ಸರಾಸರಿ ಮೂರಕ್ಕಿಂತ ಹೆಚ್ಚು ಬೆರಗಾಗಿ ನಿಂತುಬಿಡುತ್ತವೆ. ಉಳಿದ ಒಂದರ ಮೇಲೆ ನಿಮ್ಮ ತಂಡವೆಲ್ಲ ಬೀಳಬಹುದು. ಆ ಒಂದು ಓಗರ್ ತನ್ನ ಆ್ಯಕ್ಷನ್ ಕೊಟ್ಟು ಜೊತೆಗಾರನನ್ನು ಅಲುಗಾಡಿಸಿ ಎಬ್ಬಿಸಿತು ಎನ್ನಿ, ಆಗಲೂ ಅದು ಹೊಡೆಯಲಿಲ್ಲ.

ಇಲ್ಲಿ ಎಲ್ಲರೂ ಬೀಳುವ ಒಂದು ಗುಂಡಿಯಿದೆ. ಹಾನಿಯಾದ ಓಗರ್ ಎಚ್ಚರಗೊಳ್ಳುತ್ತದೆ. ನಿಮ್ಮ ಮಂತ್ರದ ಮರುಗಳಿಗೆಯಲ್ಲೇ ಜೊತೆಗಾರರೊಬ್ಬರು ಮೂರ್ಛೆ ಹೋದಂತೆ ನಿಂತ ಗುಂಪಿನ ಮೇಲೆ ಬೆಂಕಿ ಸುರಿದರೆ ಎಲ್ಲವೂ ವ್ಯರ್ಥ. ಆದ್ದರಿಂದ ಬಿಲ್ಡ್ ಅಳೆಯುವಾಗ ತಂಡವನ್ನೂ ನೋಡಿ. ಒಂದೊಂದೇ ಶತ್ರುವನ್ನು ಗುರಿಯಿಟ್ಟು ಹೊಡೆಯುವವರಿದ್ದರೆ ನಿಮ್ಮ ಬಲ ಏರುತ್ತದೆ. ಎಲ್ಲರೂ ಗುಂಪಿನ ಮೇಲೆ ಎರಚುವವರಾದರೆ ಇಳಿಯುತ್ತದೆ.

ಹಾಳೆಯಲ್ಲಿ ಪ್ರತಿ ಮಂತ್ರಕ್ಕೂ ಎರಡು ಅಂಕಿ ಬರೆಯಿರಿ: ನಂಬಿದರೆ ಶತ್ರುವಿನ ಎಷ್ಟು ಆ್ಯಕ್ಷನ್ ಹೋಗುತ್ತವೆ, ನಂಬದಿದ್ದರೆ ಎಷ್ಟು. ಎರಡನೆಯ ಅಂಕಿ ಸೊನ್ನೆಯಾಗಿರುವ ಮಂತ್ರಗಳನ್ನು ಸುತ್ತು ಹಾಕಿ ಗುರುತಿಸಿ. ಅವು ಜೂಜಿನ ಮಂತ್ರಗಳು. ಒಂದೆರಡು ಇರಲಿ, ಪಟ್ಟಿಯೆಲ್ಲ ಅವೇ ಆಗಬಾರದು.

ಹಂತ 5: ಏಕಾಗ್ರತೆ ಒಂದೇ, ಕೇಳುವ ಮಂತ್ರಗಳು ಹಲವು

ಸೈಲೆಂಟ್ ಇಮೇಜ್, ಮೇಜರ್ ಇಮೇಜ್, ಫ್ಯಾಂಟಸ್ಮಲ್ ಫೋರ್ಸ್, ಹಿಪ್ನಾಟಿಕ್ ಪ್ಯಾಟರ್ನ್, ಫಿಯರ್, ಇನ್ವಿಸಿಬಿಲಿಟಿ, ಬ್ಲರ್: ಇಷ್ಟಕ್ಕೂ ಏಕಾಗ್ರತೆ ಬೇಕು. ಏಳು ಮಂತ್ರಗಳನ್ನು ಕಲಿತವನು ಒಮ್ಮೆಗೆ ಒಂದನ್ನೇ ಹಿಡಿದಿರುತ್ತಾನೆ. ಹಾಳೆಯಲ್ಲಿ ಶ್ರೀಮಂತವಾಗಿ ಕಾಣುವ ಬಿಲ್ಡ್ ಆಟದಲ್ಲಿ ಬಡವಾಗುವುದು ಈ ಕಾರಣಕ್ಕೆ.

ಮೈನರ್ ಇಲ್ಯೂಷನ್, ಡಿಸ್‌ಗೈಸ್ ಸೆಲ್ಫ್, ಮಿರರ್ ಇಮೇಜ್ ಇವಕ್ಕೆ ಏಕಾಗ್ರತೆ ಬೇಡ. ಅವುಗಳ ಬೆಲೆ ಹಾಗಾಗಿಯೇ ಹೆಚ್ಚು. ಮಿರರ್ ಇಮೇಜ್ ನಿಮ್ಮ ಮೂರು ಪ್ರತಿಬಿಂಬಗಳನ್ನು ನಿಲ್ಲಿಸುತ್ತದೆ. 2014ರ ನಿಯಮದಲ್ಲಿ ಮೂರೂ ಇರುವಾಗ ನಿಮ್ಮತ್ತ ಬಂದ ಏಟು ಪ್ರತಿಬಿಂಬದ ಕಡೆ ತಿರುಗುವ ಅವಕಾಶ ಶೇಕಡಾ 75, ಎರಡಿದ್ದಾಗ 65, ಒಂದೇ ಉಳಿದಾಗ 50. ಇದು ಬರಿಯ ರಕ್ಷಣೆಯಷ್ಟೇ ಅಲ್ಲ. ನಿಮಗೆ ಏಟು ಬಿದ್ದಾಗಲೆಲ್ಲ ಏಕಾಗ್ರತೆ ಉಳಿಸಿಕೊಳ್ಳಲು ದಾಳ ಎಸೆಯಬೇಕು; ಏಟೇ ಬೀಳದಿದ್ದರೆ ದಾಳವೂ ಬೇಡ. ಕಣ್ಕಟ್ಟಿನವನಿಗೆ ಮಿರರ್ ಇಮೇಜ್ ಉಳಿದೆಲ್ಲ ಮಂತ್ರಗಳಿಗೆ ಹಾಕಿದ ಬೇಲಿ.

ಆ ದಾಳದ ಲೆಕ್ಕವನ್ನೂ ಮಾಡಿ. ಮುಟ್ಟಬೇಕಾದ ಅಂಕ 10, ಅಥವಾ ಬಿದ್ದ ಹಾನಿಯ ಅರ್ಧ, ಯಾವುದು ಹೆಚ್ಚೋ ಅದು. ದೇಹದಾರ್ಢ್ಯ 14 ಇದ್ದರೆ 10 ಮುಟ್ಟುವ ಅವಕಾಶ ಶೇಕಡಾ 65. ವಾರ್ ಕ್ಯಾಸ್ಟರ್ ಎಂಬ ಫೀಟ್, ಅಂದರೆ ವಿಶೇಷ ಸಾಮರ್ಥ್ಯ, ತೆಗೆದುಕೊಂಡರೆ ಎರಡು ದಾಳ ಎಸೆದು ದೊಡ್ಡದನ್ನು ಆರಿಸಬಹುದು. ಅವಕಾಶ ಸುಮಾರು 88ಕ್ಕೆ ಏರುತ್ತದೆ. ಚೆಂದದ ಮಂತ್ರವೊಂದನ್ನು ಬಿಟ್ಟಾದರೂ ಇದನ್ನು ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ.

ಹಂತ 6: ಮುಚ್ಚಿದ ಬಾಗಿಲುಗಳು

ಟ್ರೂಸೈಟ್ ಎಂದರೆ ಸತ್ಯದೃಷ್ಟಿ. ಇದಿರುವವನು ಕಣ್ಣಿಗೆ ಕಾಣುವ ಮಾಯೆಯನ್ನೆಲ್ಲ ಕಂಡುಹಿಡಿಯುತ್ತಾನೆ. ಬಾಲರ್, ಪಿಟ್ ಫೀಂಡ್, ಗ್ಲಾಬ್ರೆಜು ಮುಂತಾದ ದೊಡ್ಡ ಪಾತಾಳವಾಸಿಗಳಿಗೆ ಇದು 120 ಅಡಿಯವರೆಗೆ ಇರುತ್ತದೆ. ಬ್ಲೈಂಡ್‌ಸೈಟ್ ಇರುವವು ಕಣ್ಣಿಲ್ಲದೆಯೂ ಸುತ್ತಲಿನದನ್ನು ಗ್ರಹಿಸುತ್ತವೆ; ನಿಮ್ಮ ಬಣ್ಣದ ಗೋಡೆ ಅವಕ್ಕೆ ಬರಿಯ ಗಾಳಿ. ಗೋಲೆಮ್‌ಗಳು, ಅಂದರೆ ಮಂತ್ರದಿಂದ ಜೀವ ತುಂಬಿದ ಗೊಂಬೆಗಳು, ಚಾರ್ಮ್ಡ್ ಸ್ಥಿತಿಗೆ, ಅಂದರೆ ಮಂತ್ರಕ್ಕೆ ಮರುಳಾಗುವ ಸ್ಥಿತಿಗೆ, ಬಗ್ಗುವುದಿಲ್ಲ. ಆ ಸ್ಥಿತಿಯನ್ನೇ ನೆಚ್ಚಿರುವ ಹಿಪ್ನಾಟಿಕ್ ಪ್ಯಾಟರ್ನ್ ಅಲ್ಲಿ ಸತ್ತಂತೆ.

ಇಷ್ಟು ಕೇಳಿ ಕಣ್ಕಟ್ಟಿನವನನ್ನು ಕೈಬಿಡುವವರು ಇನ್ನೊಂದು ಬಾಗಿಲು ತೆರೆದಿರುವುದನ್ನು ನೋಡುವುದಿಲ್ಲ. ವಯಸ್ಕ ಡ್ರ್ಯಾಗನ್‌ಗೆ ಲೆಜೆಂಡರಿ ರೆಸಿಸ್ಟೆನ್ಸ್ ಇದೆ: ದಿನಕ್ಕೆ ಮೂರು ಸಲ, ಸೋತ ಸೇವಿಂಗ್ ಥ್ರೋವನ್ನು ಗೆದ್ದೆನೆಂದು ಸಾರಿಬಿಡಬಹುದು. ಇತರ ಮಂತ್ರವಾದಿಗಳ ದೊಡ್ಡ ಮಂತ್ರಗಳೆಲ್ಲ ಅಲ್ಲಿ ಮುಗ್ಗರಿಸುತ್ತವೆ. ಸೈಲೆಂಟ್ ಇಮೇಜ್ ಮತ್ತು ಮೇಜರ್ ಇಮೇಜ್ ಸೇವಿಂಗ್ ಥ್ರೋವನ್ನೇ ಕೇಳುವುದಿಲ್ಲವಲ್ಲ! ಕೇಳದಿರುವುದನ್ನು ಗೆಲ್ಲುವುದು ಹೇಗೆ? ಕೆಲವು ಶತ್ರುಗಳಿಗಿರುವ, ಮಂತ್ರಗಳನ್ನು ತಡೆದುಕೊಳ್ಳುವ ಮ್ಯಾಜಿಕ್ ರೆಸಿಸ್ಟೆನ್ಸ್ ಕೂಡ ಸೇವಿಂಗ್ ಥ್ರೋಗಷ್ಟೇ ನೆರವಾಗುತ್ತದೆ, ಪರಿಶೀಲನೆಯ ದಾಳಕ್ಕೆ ಆಗುವುದಿಲ್ಲ. ಡ್ರ್ಯಾಗನ್‌ನ ಬ್ಲೈಂಡ್‌ಸೈಟ್ 60 ಅಡಿ. ಅದರಾಚೆಗೆ ನಿಲ್ಲಿಸಿದ ಚಿತ್ರವನ್ನು ಅದೂ ಕಣ್ಣಿನಿಂದಲೇ ನೋಡಬೇಕು. ಹಾರಿ ಬರುವ ಡ್ರ್ಯಾಗನ್‌ಗೆ ದೂರದಲ್ಲಿ ನಿಮ್ಮ ತಂಡದಂತೆಯೇ ಕಾಣುವ ಇನ್ನೊಂದು ಗುಂಪನ್ನು ತೋರಿಸಿ ಅದರ ಉಸಿರಿನ ಬೆಂಕಿಯನ್ನು ಖಾಲಿ ಮಾಡಿಸುವುದು ಚಿತ್ರದ ರಾಶಿಯಿಂದ ಸಿಗುವ ಅತ್ಯುತ್ತಮ ಫಲಗಳಲ್ಲಿ ಒಂದು.

ಬಾಗಿಲು ಮುಚ್ಚಿದಾಗ ಕೈಯಲ್ಲಿ ಏನಿದೆ ಎಂಬುದನ್ನು ಎಣಿಸಿ. ಬುದ್ಧಿ 18 ಇರುವ ಐದನೆಯ ಮಟ್ಟದ ವಿಜರ್ಡ್ ಒಂಬತ್ತು ಮಂತ್ರಗಳನ್ನು ಸಿದ್ಧವಾಗಿ ಇಟ್ಟುಕೊಳ್ಳಬಹುದು. ಅದರಲ್ಲಿ ಐದಕ್ಕಿಂತ ಹೆಚ್ಚು ಮಾಯೆಯವಾಗಿದ್ದರೆ ಗೋಲೆಮ್ ಎದುರಾದ ದಿನ ನೀವು ಬರಿಗೈ. ವೆಬ್ (ಜೇಡರಬಲೆ), ಸ್ಲೋ (ಶತ್ರುವನ್ನು ನಿಧಾನಗೊಳಿಸುವುದು), ಹೇಸ್ಟ್ (ಜೊತೆಗಾರನನ್ನು ಚುರುಕಾಗಿಸುವುದು) ಇಂಥ, ಮಾಯೆಯಲ್ಲದ ಮಂತ್ರಗಳಲ್ಲಿ ಒಂದೆರಡಾದರೂ ಇರಲಿ. ಇದರಿಂದ ಪಾತ್ರದ ಸ್ವಭಾವ ಕೆಡುವುದಿಲ್ಲ. ಜೇಡರಬಲೆಯನ್ನು ಹಾಸಿ ಅದರ ಮೇಲೆ ಗಟ್ಟಿ ನೆಲದ ಚಿತ್ರವನ್ನು ಹೊದಿಸಲು ಬಯಸುವವರಿಗೆ ಒಂದು ಎಚ್ಚರಿಕೆ: ವೆಬ್‌ಗೂ ಏಕಾಗ್ರತೆ ಬೇಕು, ಆದ್ದರಿಂದ ಹೊದಿಕೆಗೆ ಮೈನರ್ ಇಲ್ಯೂಷನ್‌ನ ಐದಡಿ ಮಾತ್ರ ಸಿಗುತ್ತದೆ.

ಹಂತ 7: ಡಿಎಂ ಜೊತೆ ಕುಳಿತುಕೊಳ್ಳಿ

“ನಿಮ್ಮ ಆಟದಲ್ಲಿ ಮಾಯೆ ನಡೆಯುತ್ತದೆಯೇ?” ಎಂದು ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ. ದೃಶ್ಯವನ್ನು ಮುಂದಿಟ್ಟು ಕೇಳಿ: “ನಾಲ್ವರು ಬಿಲ್ಲುಗಾರರ ಮುಂದೆ ನಾನು ಗೋಡೆಯ ಚಿತ್ರ ನಿಲ್ಲಿಸಿದೆ. ಅವರ ಸರದಿ ಬಂದಾಗ ಏನಾಗುತ್ತದೆ?”

ಉತ್ತರ ಬಹು ಮುಖ್ಯ. ನಿಯಮದ ಪ್ರಕಾರ ಪರಿಶೀಲನೆಗೆ ಆ್ಯಕ್ಷನ್ ಬೇಕು. ಕೆಲವು ಡಿಎಂಗಳು, ಗೋಡೆ ಏಕಾಏಕಿ ಎದ್ದರೆ ಯಾರಿಗಾದರೂ ಅನುಮಾನ ಬರುತ್ತದೆ ಎಂದು, ಎಲ್ಲರಿಗೂ ಪುಕ್ಕಟೆಯಾಗಿ ಒಂದು ದಾಳ ಕೊಡುತ್ತಾರೆ. ಸಣ್ಣ ಬದಲಾವಣೆಯಂತೆ ಕಾಣುತ್ತದೆ, ಲೆಕ್ಕ ಹಾಕಿ ನೋಡಿ. ಒಬ್ಬೊಬ್ಬನಿಗೆ ಶೇಕಡಾ 40ರ ಅವಕಾಶವಿದ್ದರೆ ನಾಲ್ವರಲ್ಲಿ ಒಬ್ಬನಾದರೂ ಕಂಡುಹಿಡಿಯುವ ಸಾಧ್ಯತೆ ಶೇಕಡಾ 87. ಅವನು “ಇದು ಸುಳ್ಳು!” ಎಂದು ಕೂಗಿದರೆ ನಿಮ್ಮ ಸ್ಲಾಟ್ ಹೋಯಿತು, ಅವರ ಬಾಣಗಳು ಬಂದವು. ಹಂತ 4ರ ನಾಲ್ಕು ಆ್ಯಕ್ಷನ್‌ಗಳ ಲಾಭ ಸೊನ್ನೆಗೆ ಇಳಿಯಿತು. ಡಿಎಂಗೆ ಈ 87ನ್ನು ತೋರಿಸಿ ಮಾತನಾಡಿ. ನಿಯಮವನ್ನು ಮುಂದಿಟ್ಟು ವಾದಿಸುವುದಕ್ಕಿಂತ ಇದು ಹೆಚ್ಚು ಫಲಕಾರಿ. ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಬಹಳ ಜನ ಡಿಎಂಗಳು ಗಮನಿಸಿರುವುದೇ ಇಲ್ಲ.

ಇನ್ನೂ ಕೇಳಬೇಕಾದವು: ಒಬ್ಬನ ಬಾಣ ಚಿತ್ರವನ್ನು ತೂರಿ ಹೋದರೆ ಗುಟ್ಟು ಅವನಿಗಷ್ಟೇ ತಿಳಿಯುತ್ತದೆಯೇ, ನೋಡುತ್ತಿರುವ ಎಲ್ಲರಿಗೂ ತಿಳಿಯುತ್ತದೆಯೇ? ನನ್ನದೇ ಚಿತ್ರದೊಳಗೆ ಅಡಗಿ ಕುಳಿತರೆ ನನಗೆ ಹೊರಗೆ ಕಾಣುತ್ತದೆಯೇ? ಗೋಡೆ ಮಾಯೆ ಎಂದು ನಾನು ಮೊದಲೇ ಹೇಳಿದ ಜೊತೆಗಾರನಿಗೆ ಅದರ ಮೂಲಕ ಕಾಣುತ್ತದೆಯೇ, ಅಥವಾ ಅವನೂ ಆ್ಯಕ್ಷನ್ ಕೊಡಬೇಕೇ? ಫ್ಯಾಂಟಸ್ಮಲ್ ಫೋರ್ಸ್‌ನಲ್ಲಿ ಶತ್ರುವಿನ ತಲೆಗೆ ಕಬ್ಬಿಣದ ಪೆಟ್ಟಿಗೆ ಕವಿದಂತೆ ತೋರಿಸಿದರೆ ಅವನಿಗೆ ಕಣ್ಣು ಕಾಣದಂತಾಗುತ್ತದೆಯೇ? ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ನಿಮಗೆ ಅನುಕೂಲವಲ್ಲದ ಉತ್ತರ ಬಂದರೂ ಪರವಾಗಿಲ್ಲ, ಆಟದ ನಡುವೆ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗುವುದು ಮೇಲು.

ನಿಮ್ಮ ಕಡೆಯಿಂದಲೂ ಪ್ರಾಮಾಣಿಕತೆ ಬೇಕು. 2014ರ ಪಠ್ಯದಲ್ಲಿ ಮೈನರ್ ಇಲ್ಯೂಷನ್‌ನ ಚಿತ್ರ ಬೆಳಕು, ಸದ್ದು, ವಾಸನೆ ಯಾವುದನ್ನೂ ಕೊಡುವುದಿಲ್ಲ. ಮಾಯೆಯ ಪಂಜಿನಿಂದ ಗುಹೆ ಬೆಳಗುವುದಿಲ್ಲ. ಮಾಯೆಯ ಬಂಡೆ ಯಾರ ತಲೆಯನ್ನೂ ಒಡೆಯುವುದಿಲ್ಲ. ಪಠ್ಯ ಕೊಡದಿರುವುದನ್ನು ಪದೇ ಪದೇ ಕೇಳಿ ಡಿಎಂಗೆ ಬೇಸರ ತರಿಸಿದರೆ, ಕೊಡುವುದನ್ನು ಕೇಳಿದಾಗಲೂ ಅವರು ಅನುಮಾನಿಸುತ್ತಾರೆ.

ಹಂತ 8: ಉಪವರ್ಗವನ್ನು ತೆಗೆದು ನೋಡಿ

ಹಿಪ್ನಾಟಿಕ್ ಪ್ಯಾಟರ್ನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಮಾಯೆಯ ಉಪವರ್ಗ ಚೆನ್ನಾಗಿದೆ ಎಂದಾಗುವುದಿಲ್ಲ. ಆ ಮಂತ್ರವನ್ನು ಯಾವ ವಿಜರ್ಡ್ ಬೇಕಾದರೂ ಕಲಿಯಬಹುದು. ಭವಿಷ್ಯ ಹೇಳುವ ಡಿವಿನೇಷನ್ ಉಪವರ್ಗದವನು ದಿನದ ಆರಂಭದಲ್ಲೇ ಎರಡು ದಾಳ ಎಸೆದಿಟ್ಟುಕೊಳ್ಳುತ್ತಾನೆ. ಅದರಲ್ಲೊಂದು 3 ಬಿದ್ದಿದ್ದರೆ ಅದನ್ನು ಓಗರ್‌ಗಳ ನಾಯಕನ ಕೈಗೆ ತುರುಕಿ ಅವನು ಸೋಲುವಂತೆ ಮಾಡುತ್ತಾನೆ. ಮನಸ್ಸನ್ನು ಹಿಡಿಯುವ ರಾಶಿಯೇ ನಿಮ್ಮ ಮುಖ್ಯ ಆಯುಧವಾಗಿದ್ದರೆ, ನನ್ನ ಮಟ್ಟಿಗೆ ಅವನೇ ನಿಮಗಿಂತ ಮೇಲು.

ಮಾಯೆಯ ಉಪವರ್ಗ ಬೆಲೆ ತರುವುದು ಚಿತ್ರದ ರಾಶಿಗೆ. 2014ರ ನಿಯಮದಲ್ಲಿ ಎರಡನೆಯ ಮಟ್ಟದಲ್ಲಿ ಮೈನರ್ ಇಲ್ಯೂಷನ್ ಒಂದೇ ಸಲಕ್ಕೆ ಚಿತ್ರವನ್ನೂ ಸದ್ದನ್ನೂ ಕೊಡುತ್ತದೆ. ಆರರಲ್ಲಿ, ಒಂದು ನಿಮಿಷ ಅಥವಾ ಹೆಚ್ಚು ಹೊತ್ತು ನಿಲ್ಲುವ ಮಾಯೆಯನ್ನು ಆ್ಯಕ್ಷನ್ ಕೊಟ್ಟು ಬೇರೆ ರೂಪಕ್ಕೆ ತಿರುಗಿಸಬಹುದು: ಗೋಡೆ ಬಯಲಾಯಿತೇ, ಅದೇ ಸ್ಲಾಟಿನಲ್ಲಿ ಹೊಗೆಯಾಗಲಿ. ಹತ್ತರಲ್ಲಿ, ವಿಶ್ರಾಂತಿಗೊಮ್ಮೆ, ನಿಮ್ಮ ಮೇಲೆ ಬಂದ ಏಟೊಂದು ಖಂಡಿತವಾಗಿ ತಪ್ಪುತ್ತದೆ. ಹದಿನಾಲ್ಕರಲ್ಲಿ ಬರುವ ಇಲ್ಯೂಸರಿ ರಿಯಾಲಿಟಿ ಇಡೀ ಆಟವನ್ನೇ ಬದಲಾಯಿಸುತ್ತದೆ: ಮಾಯೆಯಲ್ಲಿರುವ ಒಂದು ನಿರ್ಜೀವ ವಸ್ತುವನ್ನು ಒಂದು ನಿಮಿಷದ ಮಟ್ಟಿಗೆ ನಿಜವಾಗಿಸಬಹುದು. ಅದು ಯಾರಿಗೂ ನೇರ ಹಾನಿ ಮಾಡಲಾರದು, ಆದರೆ ಕಂದಕದ ಮೇಲಿನ ಸೇತುವೆ ನಿಮ್ಮ ಭಾರ ಹೊರುತ್ತದೆ, ಬಾಗಿಲ ಮುಂದಿನ ಗೋಡೆ ದೈತ್ಯನನ್ನೂ ತಡೆಯುತ್ತದೆ.

2024ರಲ್ಲಿ ಉಪವರ್ಗ ಮೂರನೆಯ ಮಟ್ಟಕ್ಕೆ ಬರುತ್ತದೆ, ಆದರೆ ಆರಂಭವೇ ಗಟ್ಟಿ: ಮಾಯೆಯ ಮಂತ್ರಗಳನ್ನು ಬಾಯಿ ಬಿಡದೆ ಹಾಕಬಹುದು, ಮೈನರ್ ಇಲ್ಯೂಷನ್ ಬೋನಸ್ ಆ್ಯಕ್ಷನ್‌ನಲ್ಲೇ ಮುಗಿಯುತ್ತದೆ. ಬೋನಸ್ ಆ್ಯಕ್ಷನ್ ಎಂದರೆ ಅದೇ ಸರದಿಯಲ್ಲಿ ಸಿಗುವ ಚಿಕ್ಕ ಅವಕಾಶ.

ನಿಮ್ಮ ಆಟ ಎಷ್ಟನೆಯ ಮಟ್ಟಕ್ಕೆ ನಿಲ್ಲುತ್ತದೆ ಎಂದು ವಿಚಾರಿಸಿ. ಎಂಟರ ಹೊತ್ತಿಗೆ ಮುಗಿಯುವ ಕಥೆಗಾಗಿ ಹದಿನಾಲ್ಕರ ಸೇತುವೆಯನ್ನು ಲೆಕ್ಕಕ್ಕೆ ಹಿಡಿಯುವವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬಾರದ ಮಟ್ಟದ ಬಲ ಬಲವೇ ಅಲ್ಲ, ಹಾಳೆಯಿಂದ ಅಳಿಸಿಬಿಡಿ. ಸೈಲೆಂಟ್ ಇಮೇಜ್ ಒಂದೇ ನಿಮ್ಮ ಪ್ರೀತಿಯ ಮಂತ್ರವಾಗಿದ್ದರೆ ವಾರ್ಲಾಕ್ ವರ್ಗವನ್ನೂ ಪಕ್ಕದಲ್ಲಿಟ್ಟು ನೋಡಿ. ಮಿಸ್ಟಿ ವಿಷನ್ಸ್ ಎಂಬ ಆಯ್ಕೆಯಿಂದ ಅವನು ಅದನ್ನು ಸ್ಲಾಟ್ ಖರ್ಚಿಲ್ಲದೆ ಎಷ್ಟು ಸಲ ಬೇಕಾದರೂ ಹಾಕುತ್ತಾನೆ.

ಹಂತ 9: ಮೂರು ದೃಶ್ಯಗಳಲ್ಲಿ ಓಡಿಸಿ ನೋಡಿ

ಈಗ ದಾಳ ಎತ್ತಿಕೊಳ್ಳಿ. ಒಬ್ಬರೇ ಕುಳಿತು ಮಾಡಬಹುದು, ಎದುರು ಪಕ್ಷವನ್ನು ಆಡಿಸಲು ಗೆಳೆಯರೊಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲನೆಯದು ಹಂತ 4ರ ನಾಲ್ಕು ಓಗರ್‌ಗಳು, ಬಯಲಿನಲ್ಲಿ. ಎರಡನೆಯದು ಯುದ್ಧವಿಲ್ಲದ ದೃಶ್ಯ: ಕಾವಲಿರುವ ಕೋಟೆಯೊಳಗೆ ನುಗ್ಗಿ ಒಂದು ಪತ್ರ ತರಬೇಕು. ಡಿಸ್‌ಗೈಸ್ ಸೆಲ್ಫ್ ಒಂದು ಗಂಟೆ ನಿಲ್ಲುತ್ತದೆ, ಆದರೆ ಮೈ ತಡವಿದವನಿಗೆ, ಮಾಯೆಯಿಂದ ತೊಟ್ಟ ಟೋಪಿ ನಿಜವಾಗಿ ಇಲ್ಲದಿರುವುದು ಗೊತ್ತಾಗುತ್ತದೆ. ಬಾಗಿಲಲ್ಲಿ ತಪಾಸಣೆ ಇಡಿ. ಕಣ್ಕಟ್ಟಿನವನು ಇಲ್ಲಿ ಇಡೀ ತಂಡವನ್ನು ಹೊತ್ತು ನಡೆಸದಿದ್ದರೆ ಬಿಲ್ಡ್‌ನಲ್ಲಿ ಏನೋ ಕೊರತೆಯಿದೆ, ಏಕೆಂದರೆ ಇದು ಅವನ ಸ್ವಂತ ಅಂಗಳ. ಮೂರನೆಯದು ಮುಚ್ಚಿದ ಬಾಗಿಲು: ನಿಮ್ಮ ಮಟ್ಟಕ್ಕೆ ತಕ್ಕ, ಚಾರ್ಮ್ಡ್ ಸ್ಥಿತಿಗೆ ಬಗ್ಗದ ಅಥವಾ ಬ್ಲೈಂಡ್‌ಸೈಟ್ ಇರುವ ಒಂದು ಶತ್ರು.

ಪ್ರತಿ ದೃಶ್ಯವನ್ನೂ ಎರಡು ಸಲ ಆಡಿ. ಮೊದಲ ಸಲ ದಾಳ ಬಿದ್ದಂತೆ. ಎರಡನೆಯ ಸಲ, ನಿಮ್ಮ ಮೊದಲ ದೊಡ್ಡ ಮಂತ್ರವನ್ನು ಶತ್ರು ತಡೆದುಕೊಂಡೇಬಿಟ್ಟ ಎಂದು ಮೊದಲೇ ತೀರ್ಮಾನಿಸಿಕೊಂಡು. ಈ ಎರಡನೆಯ ಆಟವನ್ನು ಯಾರೂ ಆಡಲು ಇಷ್ಟಪಡುವುದಿಲ್ಲ, ಆದರೆ ಗುಣದೋಷಗಳು ಕಾಣುವುದು ಅಲ್ಲಿ. ಮುಂದಿನ ಸುತ್ತಿನಲ್ಲಿ ನಿಮ್ಮ ಕೈಯಲ್ಲಿ ಮಾಡಲು ಏನಿತ್ತು ಎಂದು ಬರೆಯಿರಿ. “ಅದೇ ಮಂತ್ರ ಮತ್ತೊಮ್ಮೆ” ಎಂದು ಮೂರರಲ್ಲಿ ಎರಡು ದೃಶ್ಯಗಳಲ್ಲಿ ಬರೆಯಬೇಕಾಗಿ ಬಂದರೆ ಹಂತ 2ಕ್ಕೆ ಮರಳಿ, ರಾಶಿಗಳನ್ನು ಮತ್ತೆ ಜೋಡಿಸಿ.

ಮೊದಲ ಎರಡರಲ್ಲಿ ಗೆದ್ದು ಮೂರನೆಯದರಲ್ಲಿ ಒದ್ದಾಡಿ ಉಳಿದುಕೊಂಡ ಬಿಲ್ಡ್ ಬಲವಾದದ್ದು, ಅದನ್ನು ಧೈರ್ಯವಾಗಿ ಮೇಜಿಗೆ ತನ್ನಿ. ಮೂರನೆಯದರಲ್ಲಿ ಏನೂ ಮಾಡಲಾಗದೆ ನಿಂತರೆ ಇಡೀ ಪಾತ್ರವನ್ನು ಹರಿದುಹಾಕಬೇಕಿಲ್ಲ: ಹಂತ 4ರಲ್ಲಿ ಸುತ್ತು ಹಾಕಿದ ಜೂಜಿನ ಮಂತ್ರಗಳಲ್ಲಿ ಒಂದನ್ನು ತೆಗೆದು ಸ್ಲೋ ಅಥವಾ ಹೇಸ್ಟ್ ಹಾಕಿ, ಆ ದೃಶ್ಯವನ್ನಷ್ಟೇ ಮತ್ತೆ ಆಡಿ ನೋಡಿ.